ಕಾಲು

ಸಾಂಟಿಯಾಗೊ. ಐದು ಜನ, ಒಂದು ಮೇಜು.
ಮೇಜಿಗೆ ಒಂದು ಕಾಲು ಗಿಡ್ಡ.

'ಬಡ್ಡಿ ಕಾಲು ಏರಲಿ,' ಎಂದರು ಮಿರೆಯಾ,
'ಬ್ರೆಡ್ಡು ಮತ್ತೆ ತುಟ್ಟಿ.'
'ತಡೆಯಿರಿ,' ಒಸ್ವಾಲ್ಡೊ ಕನ್ನಡಕ ಒರೆಸಿದರು,
'ಹೋದ ಸಲದ ಮದ್ದೇ ಇನ್ನೂ ಮೈಗಿಳಿದಿಲ್ಲ.'
'ಅರ್ಧ!' ಎಂದವರತ್ತ ಯಾರೂ ನೋಡಲಿಲ್ಲ.

ಮೇಜು ವಾಲಿತು. ಕಾಫಿ ತುಳುಕಿ
ಮುಂದಿನ ವರ್ಷದ ಗೆರೆಯೊಂದು
ಕದಡಿ ಕಂದಾಯಿತು.

ಎರಡಕ್ಕೆ ಎರಡು. ಉಳಿದವರು ಅಧ್ಯಕ್ಷೆ ಹೆರ್ಮಿನಿಯಾ.
ಕಿಟಕಿಯ ಕೆಳಗೆ ಒಬ್ಬ
ಫ್ರಿಜ್ಜನ್ನು ಬೆನ್ನಿಗೆ ಬಿಗಿದುಕೊಂಡು
ನಡೆಯುತ್ತಿದ್ದ;
ಕಂತಿನಲ್ಲಿ ಕೊಂಡು ತರುತ್ತಿದ್ದಾನೋ
ಮಾರಲು ಒಯ್ಯುತ್ತಿದ್ದಾನೋ
ಏಳನೇ ಮಹಡಿಗೆ ಕಾಣದು.

ಕೈ ಎತ್ತಿದರು.
ಎತ್ತಿದ ಕೈ ಕೊಂಚ ಹೊತ್ತು ಇಳಿಯಲೇ ಇಲ್ಲ.

ಎಲ್ಲರೂ ಹೋದ ಮೇಲೆ, ಗುಡಿಸಲು ಬಂದ ಎಲಿಸೆಯೊ
ಕಾಫಿ ಬಿದ್ದ ಮುನ್ನಂದಾಜನ್ನು
ಎಂಟು ಮಡಿಕೆ ಮಡಿಸಿ
ಗಿಡ್ಡ ಕಾಲಿನಡಿ ತುರುಕಿದ.

ಸರಿಹೋಯಿತು,
ಹೆಚ್ಚುಕಡಿಮೆ.