ಎದುರು ಸಾಲಿನ ಕಾಳು

ಮಿಂಡೆಲು ಬಂದರಿನ ಹಿಂದೆ, ಬಾದಾಮಿ ಮರದ ಬುಡದಲ್ಲಿ
ಊರಿಲ್ ಮಣೆ ಇಟ್ಟು ಕೂತಿದ್ದಾರೆ ಇಬ್ಬರು.
ಹನ್ನೆರಡು ಗುಳಿ, ನಲವತ್ತೆಂಟು ಕಾಳು;
ಕಾಳಿಗೆ ಲೆಕ್ಕವುಂಟು, ಮಾತಿಗಿಲ್ಲ.

ಹನ್ನೊಂದು ಗಂಟೆಗೆ ರೇಡಿಯೊದಲ್ಲಿ ಪಟ್ಟಿ ಓದುತ್ತಾರಂತೆ,
ದೇಶಕ್ಕೆ ಆಡುವ ಇಪ್ಪತ್ತಾರು ಹೆಸರು.
ನಾನು ಕ್ಲಬ್ಬಿನ ಅಂಗಿ ಒಗೆದು ಗೋಡೆಗೆ ಹರವುತ್ತ,
ಗಾಳಿ ಹೊತ್ತೊಯ್ಯದಿರಲೆಂದು ಒಂದೊಂದಕ್ಕೂ ಕಲ್ಲಿಡುತ್ತ
ಕಿವಿಯನ್ನು ಮಾತ್ರ ಅತ್ತ ಬಿಟ್ಟಿದ್ದೇನೆ.

"ಗೋಲ್‌ಕೀಪರ್ ರೋಟರ್‌ಡ್ಯಾಮಿನಲ್ಲಿ ಹುಟ್ಟಿದವನು,"
ಕ್ಷೌರದ ಅರ್ಮಿಂದು ಶುರುಮಾಡಿದ,
"ನಮ್ಮ ಮಾತಿನಲ್ಲಿ ಕುಡಿಯಲು ನೀರು ಕೇಳಲೂ ಬಾರದು."
"ಚೆಂಡು ಹಿಡಿಯಲಿ, ನೀರು ನಾನು ಕೊಡುತ್ತೇನೆ!"
ಇದು ಜೆಫೆರಿನು. ಮೂವತ್ತು ವರ್ಷ ಕ್ರೇನ್ ಓಡಿಸಿ ಕಿವಿ ಮಂದ,
ಹಾಗಾಗಿ ಇಡೀ ಬೀದಿಗೆ ಹೇಳುತ್ತಾನೆ.
"ಅವನ ಅಜ್ಜಿ ಪಕ್ಕದ ದ್ವೀಪದವಳು, ಗೊತ್ತಾ?"
"ಹಾಗಾದರೆ ಗೋಲಿಗೆ ಅಜ್ಜಿಯನ್ನೇ ನಿಲ್ಲಿಸು."

ನಕ್ಕರು. ಕಾಳು ಬಿತ್ತಿದರು. ಮತ್ತೆ ಕಾದರು.

ಆಮೇಲೆ ವಾದ ಎಡಬದಿಗೆ ಬಂತು.
ಬರುತ್ತದೆಂದು ನನಗೆ ಗೊತ್ತಿತ್ತು.

ಎಡಬದಿಯೆಂದರೆ ವಾವಾ.
ಹದಿನೆಂಟು ತುಂಬಿದ ದಿನ, ಕೇಕಿನ ಚಾಕು ತೊಳೆಯುವ ಮೊದಲೇ
ಏಜೆಂಟ್ ಪೆನ್ನು ತೆಗೆದಿದ್ದ.
ಕ್ಲಬ್ಬಿಗೆ ಬಂದದ್ದು ಹನ್ನೊಂದು ಚೆಂಡು, ಒಂದು ಪಂಪು.
ಪಂಪಿಗೆ ಸೂಜಿ ಇರಲಿಲ್ಲ.
ಉಳಿದದ್ದು ಬ್ಯಾಂಕಿನ ದಾರಿಯಲ್ಲಿದೆ ಎಂದರು;
ಆ ದಾರಿಯಲ್ಲಿ ಸಮುದ್ರವಿದೆ.

"ಹೋಗಬಾರದಿತ್ತು ಹುಡುಗ. ಪೋರ್ಚುಗಲ್ಲಿನಲ್ಲಿ ಬೆಂಚು ಕಾಯುತ್ತಿದ್ದಾನೆ.
ಆಡದವನನ್ನು ಹೇಗೆ ಆರಿಸುತ್ತಾರೆ?"
"ಇಲ್ಲೇ ಇದ್ದಿದ್ದರೆ, ಹುಲ್ಲೇ ಕಾಣದ ಮೈದಾನದವನನ್ನು
ಹೇಗೆ ಆರಿಸುವುದು ಅನ್ನುತ್ತಿದ್ದರು."

ಇಬ್ಬರು ಹೇಳಿದ್ದೂ ನಿಜ.
ತೊಂದರೆ ಇರುವುದೇ ಅಲ್ಲಿ.

ನಾನೇನು ಆಟ ಬಲ್ಲವಳಲ್ಲ, ಕೊಳೆ ಬಲ್ಲೆ.
ಮೊಣಕೈ ಕೆಂಪಾದವನು ಬಿದ್ದು ಎದ್ದವನು,
ಬೆನ್ನು ಮಾತ್ರ ಕೆಂಪಾದವನು ರೆಫ್ರಿಗೆ ನಾಟಕ ತೋರಿಸಿದವನು.
ವಾವಾನ ಅಂಗಿಯ ತುಂಬ ಮಣ್ಣು, ಎರಡೂ ಬದಿ,
ಮತ್ತೆ ಆ ಕಾಲರು! ಕಚ್ಚಿ ಕಚ್ಚಿ ನೂಲು ಬಿಡಿಸುತ್ತಿದ್ದ;
ನಾಲ್ಕು ಸಲ ಹೊಲಿದಿದ್ದೇನೆ, ನಾಲ್ಕು ಸಲ ಬೈದಿದ್ದೇನೆ.
ಆಯ್ಕೆಗಾರರು ನನ್ನನ್ನು ಕೇಳಲಿಲ್ಲ.

ರೇಡಿಯೊ ಗಂಟಲು ಸರಿಮಾಡಿಕೊಂಡಿತು.
ಲಿಸ್ಬನ್ನಿನವನು, ಬಾಸ್ಟನ್ನಿನವನು, ನೈಸ್ ಊರಿನವನು,
ನಮ್ಮ ಮೀನುಪೇಟೆಯ ಹಿಂದಿನ ಓಣಿಯವನು ಒಬ್ಬ,
ಎಡಬದಿಗೆ ಇಬ್ಬರು.
ಇಪ್ಪತ್ತಾರು ಮುಗಿಯಿತು. ಸಾಬೂನಿನ ಜಾಹೀರಾತು ಬಂತು.

ಯಾರೂ ಏನೂ ಅನ್ನಲಿಲ್ಲ, ಜೆಫೆರಿನು ಕೂಡ.
ಅವನ ಸಾಲಿನಲ್ಲಿ ಆರು ಗುಳಿಯೂ ಬರಿದಾಗಿತ್ತು.
ಅರ್ಮಿಂದು ತನ್ನ ಕಡೆಯ ಗುಳಿಯಿಂದ ಎರಡು ಕಾಳು ತೆಗೆದು
ಅತ್ತ ಬಿತ್ತಿದ. ಪ್ರೀತಿಗಲ್ಲ, ಆಟದ ನಿಯಮ:
ಎದುರಿನವನ ಸಾಲು ಬರಿದಾದರೆ
ನಿನ್ನದರಿಂದ ಕೊಡಲೇಬೇಕು, ಇಲ್ಲವಾದರೆ ಆಟವಿಲ್ಲ.

ಬಾಯಿ ತಡೆಯದೆ ಕೇಳಿಬಿಟ್ಟೆ:
"ಈ ನಿಯಮ ಪೋರ್ಚುಗಲ್ಲಿನವರಿಗೆ ಗೊತ್ತಾ?"

"ಕೊಡುತ್ತಾರಲ್ಲ," ಅಂದ ಅರ್ಮಿಂದು, "ಆ ಗೋಲ್‌ಕೀಪರ್‌ನನ್ನು."
ಈಗ ತಾನೇ ಬೈದವನು ಅವನೇ.

ರಾತ್ರಿ ವಾವಾನ ಧ್ವನಿ ಫೋನಿನಲ್ಲಿ.
ಪಟ್ಟಿಯ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ.
ಅಲ್ಲಿ ಅಂಗಿಗಳು ಚೀಲದಲ್ಲಿ ಮಡಚಿ ಬರುತ್ತವಂತೆ,
ಯಾರು ಒಗೆಯುತ್ತಾರೋ ಗೊತ್ತಿಲ್ಲವಂತೆ,
ಅವನದು ಮಾತ್ರ ಬಹಳ ಸಲ
ಹಾಕದೆಯೇ ಒಗೆತಕ್ಕೆ ಹೋಗುತ್ತದಂತೆ.

"ಮೂರನೇ ನಂಬರ್ ಈಗ ಯಾರು ಹಾಕುತ್ತಾರೆ?"
"ಇವಾನಿಲ್ಡಳ ತಮ್ಮ."
"ಹೇಗೆ ಆಡುತ್ತಾನೆ?"
ನನಗೆ ಗೊತ್ತಿರುವುದನ್ನು ಹೇಳಿದೆ:
"ಕಾಲರ್ ಕಚ್ಚುವುದಿಲ್ಲ."