ಕರಿಹೊಟ್ಟು

ಬೆಳಿಗ್ಗೆ ಆರಕ್ಕೆ, ಆಸ್ಪತ್ರೆಗಳ ಹಿಂದೆ
ಎರಡು ಮೋರಿ ಕೂಡುವಲ್ಲಿ
ಕಂದು ಸೀಸೆಯ ಕೊರಳಿಗೆ ಹಗ್ಗ ಬಿಗಿದು ಇಳಿಬಿಡುತ್ತೇನೆ.
ಹಗ್ಗದ ಇನ್ನೊಂದು ತುದಿ ದುರುಗಪ್ಪನ ಕೈಲಿ,
ಮೂವತ್ತು ವರ್ಷ ಮ್ಯಾನ್‌ಹೋಲ್ ಮುಚ್ಚಳ ಎತ್ತಿದ ಕೈ.
"ನೀರು ನೋಡಿದ್ರ ಸಾಕು, ದಾವಣಗೆರಿ ಏನು ಉಂಡೈತಿ ಹೇಳ್ತೀನಿ.
ಬೆಣ್ಣಿ ಜಿಡ್ಡು ತೇಲಿದ್ರ ಭಾನುವಾರ."
ನಾನು, ಏನು ನುಂಗಿದೆ ಎಂದು ಹೇಳುವವಳು.

ಸೋಸಿ, ಆಮ್ಲದ ಹನಿ ಬೆರೆಸಿ,
ಒಂದು ಲೀಟರನ್ನು ಒಂದು ಹನಿಗೆ ಇಳಿಸಿ
ಯಂತ್ರದ ಸೂಜಿಗೆ ಕೊಟ್ಟರೆ
ಪರದೆಯ ಮೇಲೆ ಸಪಾಟು ಗೆರೆ.
ತುಸು ಹೊತ್ತು.
ಆಮೇಲೆ ಗೆರೆ ಏಳುತ್ತದೆ:
ಇದು ಸಕ್ಕರೆಯ ಮಾತ್ರೆ, ಕಾಯಿಪಲ್ಲೆ ಮಾರ್ಕೆಟ್ಟಿನ ಅರ್ಧ ಜನ.
ಇದು ಮಂಡಿನೋವು.
ಇದು ಹುಷಾರಾದೆವೆಂದು ನಡುವೆ ನಿಲ್ಲಿಸಿ
ಕಮೋಡಿಗೆ ಸುರಿದ ಜ್ವರದ ಗುಳಿಗೆ.
ಹೆಸರಿಲ್ಲ, ವಿಳಾಸವಿಲ್ಲ.
ಮನೆಯವರಿಗೂ ಹೇಳದ್ದನ್ನು ಊರು
ನೀರಿಗೆ ಹೇಳಿರುತ್ತದೆ.

ಹನ್ನೊಂದನೇ ನಿಮಿಷಕ್ಕೆ ಸಣ್ಣದೊಂದು ಚೂಪು ಏರು.
ಮೂರ್ಛೆರೋಗದ ಮಾತ್ರೆ.
ಶುದ್ಧೀಕರಣದ ದೊಡ್ಡ ತೊಟ್ಟಿಯಲ್ಲಿ ಸೂಕ್ಷ್ಮಾಣುಗಳು
ಮಿಕ್ಕಿದ್ದನ್ನು ಮೇಯುತ್ತವೆ, ಇದನ್ನು ಮೂಸುವುದಿಲ್ಲ.
ಸಂತೆಗೆ ಹೋಗಿ ಏನೂ ಕೊಳ್ಳದೆ ಬಂದವನ ಹಾಗೆ
ಒಳಹೋದಷ್ಟೇ ಹೊರಬರುತ್ತದೆ.
ಅಲ್ಲಿಂದ ಹಳ್ಳ. ಹಳ್ಳದ ದಂಡೆಗೆ ಕೊತ್ತಂಬರಿ ಮಡಿ.

ಭತ್ತದ ಹೊಟ್ಟು ಕೇಳಿಕೊಂಡು ಮಂಡಕ್ಕಿ ಭಟ್ಟಿಗೆ ಹೋದೆ.
ದಾದಾಪೀರ್ ಸಾಬರು ಮರಳ ಬಾಣಲೆಯಿಂದ ತಲೆ ಎತ್ತಲಿಲ್ಲ.
"ಬೂದಿ ಬೇಕಾದಷ್ಟೈತಿ, ಒಯ್ಯಿ. ಪಾತ್ರಿ ತಿಕ್ಕಾಕೇನು?"
ಬೂದಿಯಲ್ಲ, ಕರಿ.
ಗಾಳಿ ಸಿಗದೆ, ಉರಿಯಲೂ ಆಗದೆ
ಕಾದು ಕಾದು ಕಪ್ಪಾದದ್ದು.
"ಹಂಗಾರ ಡಬ್ಬಿ ಬಾಯಿ ಮೆತ್ತಬೇಕು" ಅಂದರು,
ನನ್ನ ಗೈಡ್ ಮೂರು ಪುಟ ಬರೆದದ್ದನ್ನು.

ಎಣ್ಣೆ ಡಬ್ಬಿಗೆ ಹೊಟ್ಟು ತುಂಬಿ, ಕೆಮ್ಮಣ್ಣು ಮೆತ್ತಿ
ಒಲೆಯ ಮಗ್ಗುಲಿಗಿಟ್ಟು ಕೂತೆವು.
ಅಕ್ಕಿ ಅರಳುವ ಸದ್ದಿನ ನಡುವೆ ಮಾತು ಬಂತು.
ಮಗ ನೂರುಲ್ಲಾನನ್ನು ಭಟ್ಟಿ ಹತ್ತಿರ ಬಿಡುವುದಿಲ್ಲವಂತೆ.
"ಬೆಂಕಿಗೆ ಎರಡು ಗೇಣು ಐತಿ ಅನ್ನಂಗ ಬಿದ್ದಿದ್ದ.
ಈಗ ದಿನಕ್ಕ ಎರಡು ಗುಳಿಗಿ.
ನಾಕು ವರ್ಷಾತು, ಬಿದ್ದಿಲ್ಲ."
ಗುಳಿಗೆಯ ಹೆಸರು ಕೇಳಲಿಲ್ಲ.
ಹನ್ನೊಂದನೇ ನಿಮಿಷ
ತಾನಾಗಿ ಬಂದು ಎದುರು ಕೂತಿತು.

ಅಲ್ಲಿಂದೀಚೆ, ಆ ಏರಿನ ಮುಂದೆ 'ಮಾಲಿನ್ಯ' ಎಂದು ಬರೆವಾಗ
ಪೆನ್ನು ಗಳಿಗೆ ನಿಲ್ಲುತ್ತದೆ.
ಹುಡುಗನೊಬ್ಬ ಬೀಳದೆ ನಿಂತಿರುವ ಎತ್ತರ ಅದು.

ಕರಿ ಹಿಡಿಯಿತು.
ಮೊದಲ ಸಲ ನೂರಕ್ಕೆ ಎಂಬತ್ತೆಂಟು.
ಮೂರನೇ ಸಲಕ್ಕೆ ಅರವತ್ತು;
ಕರಿಗೂ ಹೊಟ್ಟೆ ತುಂಬುತ್ತದೆ.

ಹೇಳಲು ಹೋದರೆ ದಾದಾಪೀರ್ ಸಾಬರು ಹಿಗ್ಗಿ
ಸೇರು ಮಂಡಕ್ಕಿ ಕಟ್ಟಿಕೊಟ್ಟರು, ಬಿಸಿಬಿಸಿ.
ಗೇಟಿನವರೆಗೆ ಬಂದು ಕೇಳಿದರು:
"ಹಿಡಕೊಂಡಿದ್ದನ್ನ ಎಲ್ಲಿ ಹಾಕ್ತೀರವ್ವಾ?"

ಲ್ಯಾಬಿನ ಕಿಟಕಿಯಲ್ಲಿ ಏಳು ಜಾಡಿ.
ಮಧ್ಯಾಹ್ನದ ಬಿಸಿಲಿಗೂ ಹೊಳೆಯದ ಕಪ್ಪು.
ಒಂದೊಂದರ ಮೇಲೂ ತೇದಿ,
ಕೆಳಗೆ ಕೆಂಪು ಶಾಯಿಯಲ್ಲಿ ನನ್ನದೇ ಅಕ್ಷರ:
ಚೆಲ್ಲಬೇಡಿ.