ಎರಡು, ಮತ್ತೆ

ಉಟ್ರೆಕ್ಟ್. ಅಕ್ಟೋಬರಿನ ಕೊನೆಯ ಶನಿವಾರದ ರಾತ್ರಿ.
ಸೈಕಲ್ ಸೀಟಿನ ಮೇಲೆ ಹನಿ, ಕಾಲುವೆ ಕಪ್ಪು.
ಮೂರನೇ ಮಹಡಿಯಲ್ಲಿ ನಾನೊಬ್ಬಳೇ,
ಗುಂಯ್‌ಗುಡುವ ಇಪ್ಪತ್ತು ಡಿಗ್ರಿಯ ಪೆಟ್ಟಿಗೆಯ ಜೊತೆ.

ಗಾಜಿನ ಕೆಳಗೆ ಹುಳುಗಳು,
ಅಲ್ಪವಿರಾಮಕ್ಕಿಂತ ಚಿಕ್ಕವು,
ಬ್ಯಾಕ್ಟೀರಿಯಾದ ಹಾಸಿನ ಮೇಲೆ
ಬಳುಕಿ ಬಳುಕಿ ತಮ್ಮ ದಾರಿ ಗೀಚುತ್ತ.
ನಾಲ್ಕು ಸಲ ಪೊರೆ ಕಳಚಬೇಕು; ಐದನೆಯ ಅಂಗಿ ಖಾಯಂ.
ಎಡಗಡೆ ತಟ್ಟೆಯವು ಒಂದನ್ನು ಕಳಚಿ ಮುಂದೆ ಹೋಗಿವೆ.
ಬಲಗಡೆಯವೂ ಕಳಚಿದವು,
ಕಳಚಿ, ಮೊದಲನೆಯ ಹಂತವನ್ನೇ ಇನ್ನೊಮ್ಮೆ ತೊಟ್ಟವು.

ಕೊರತೆ ಏನು ದೊಡ್ಡದಲ್ಲ:
ಇಪ್ಪತ್ತೆರಡು ಅಕ್ಷರದ ಒಂದು ಚೂರು.
ಪ್ರೋಟೀನಾಗುವ ಯೋಗ ಅದಕ್ಕಿಲ್ಲ.
ಇರುವ ಕೆಲಸ ಒಂದೇ,
ಹೊತ್ತಾದಾಗ ಹೋಗಿ
ಮಾತು ನಿಲ್ಲಿಸದ ಇನ್ನೊಂದು ಜೀನಿನ
ಬಾಯಿಗೆ ಕೈ ಅಡ್ಡ ಹಿಡಿದು
ಸಾಕು ಎನ್ನುವುದು.

ಸಾಕು ಎನ್ನುವವರಿಲ್ಲದ ಮೈ
ಬಳಪ ಸವೆದರೂ ಅದೇ ಅಕ್ಷರ ತಿದ್ದುತ್ತದೆ.
ಉದ್ದವಾಗುತ್ತದೆ, ಮೊಟ್ಟೆ ಕೂಡ ಕಟ್ಟುತ್ತದೆ,
ಹೊರಗೆ ಬಿಡುವ ಬಾಗಿಲು ಮಾತ್ರ ಮೂಡುವುದಿಲ್ಲ.
ಮರಿಗಳು ಒಳಗೇ ಒಡೆದು
ತಾಯಿಯನ್ನು ತಿಂದೇ ಹೊರಬರುತ್ತವೆ.

(ಅವಸರದ ತಳಿಯೂ ಒಂದಿದೆ, ಎರಡನೆಯ ಹಂತ ಹಾರಿ
ಚಿಕ್ಕ ಮೈಗೇ ದೊಡ್ಡವರ ಅಂಗಿ ಹಾಕಿಕೊಳ್ಳುವುದು.
ಅದು ರೆನ್ಸ್ಕೆಯ ಕೆಲಸ. ನನ್ನದಲ್ಲ.)

ಮೂರಕ್ಕೆ ಸರಿಯಾಗಿ
ಗೋಡೆ ಗಡಿಯಾರಕ್ಕೆ ಎಲ್ಲಿಂದಲೋ ರೇಡಿಯೋ ಸುದ್ದಿ ಬಂತು.
ಹಿಂದಕ್ಕೆ ನಡೆಯಲು ಬಾರದ ಮುಳ್ಳುಗಳು
ಹನ್ನೊಂದು ಗಂಟೆ ಮುಂದಕ್ಕೆ ಓಡಿ
ಎರಡರ ಮೇಲೆ ಬಂದು ನಿಂತವು.
ಚಳಿಗಾಲದ ಸಮಯ. ಸರಕಾರದ ಆಣತಿ.
ನೋಟ್‌ಬುಕ್ಕಿನಲ್ಲಿ ಎರಡು ಗಂಟೆ ಆಗಲೇ ಒಂದಿದೆ.
ಕೆಳಗೆ ಬರೆದೆ: ಎರಡು, ಮತ್ತೆ.

ನನ್ನ ವೀಬೆ ಹದಿನಾಲ್ಕರಲ್ಲಿ ಅದೇ ತರಗತಿಗೆ ವಾಪಸಾದ.
ನಪಾಸಾದ ಎನ್ನುವುದಿಲ್ಲ ನಾವು, ಕೂತೇ ಉಳಿದ ಎನ್ನುತ್ತೇವೆ.
ಅದೇ ಕಿಟಕಿ, ಅದೇ ಭೂಪಟ,
ಮೊಣಕಾಲು ಮಾತ್ರ ಮೇಜಿಗೆ ತಾಗುತ್ತಿತ್ತು.
ಕಾಗದಕ್ಕೆ ಸಹಿ ಹಾಕುತ್ತ ನಾನಂದೆ, ಒಂದು ವರ್ಷ ತಾನೇ.
ಅವನು ಶೂಸಿನ ದಾರ ಬಿಚ್ಚಿದ, ಕಟ್ಟಿದ,
ಬಿಚ್ಚಿದ.
ಆ ವರ್ಷ ಇಲ್ಲಿ ಏಳು ಸಾವಿರ ಹುಳುಗಳ ಲೆಕ್ಕ ಇಟ್ಟೆ.

ಎಡಗಡೆ ತಟ್ಟೆಯಲ್ಲಿ ಒಂದರ ಗಂಟಲು ಬಡಿಯುವುದು ನಿಂತಿದೆ.
ಪೊರೆ ಬಿಡುವ ಮುಂಚಿನ ನಿದ್ದೆ ಅದು.
ಇದು ಎರಡನೆಯ ಎರಡು ಗಂಟೆಯೆಂದು
ಅದಕ್ಕೆ ಯಾರೂ ಹೇಳಿಲ್ಲ.
ದೀಪ ತಗ್ಗಿಸಿದೆ.
ಬೆಳಕು ಜಾಸ್ತಿಯಾದರೂ ಎಚ್ಚರಾಗುತ್ತವೆ ಇವು.